ಮಾವನ ಬಲಗೈಗೆ ಕೆಲಸ

ಕರಾಕೋಲ್
ಮಾರ್ಚ್ ೧೨

ಪ್ರೀತಿಯ ಅಸೀಪಾ,

ಬಿಷ್ಕೆಕ್‌ನಲ್ಲಿ ನೀನು ಸುಖವಾಗಿದ್ದೀಯ ತಾನೆ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಈ ಸಲ ವಾಡಿಕೆಗೆ ಬರೆದ ಮಾತಲ್ಲ, ನಿಜವಾಗಿಯೂ ಚೆನ್ನಾಗಿದ್ದೇವೆ. ಅದಕ್ಕೆ ನೀನೇ ಕಾರಣ. ಫೋನಿನಲ್ಲಿ ಹೇಳಿದರೆ ಮಾವನ ಕಿವಿಗೆ ಬೀಳುತ್ತದೆಂದು ಕಾಗದ ಹಿಡಿದಿದ್ದೇನೆ.

ಪಾರ್ಶ್ವವಾಯು ಬಡಿದು ಬಲಗೈ ಸೋತ ಮೇಲೆ ಮಾವ ಅತಿಥಿಗಳ ಜೊತೆ ಕೂರುವುದನ್ನೇ ಬಿಟ್ಟಿದ್ದರಲ್ಲ. ಚಹಾದ ಬಟ್ಟಲನ್ನು ಎಡಗೈಯಲ್ಲಿ ತೆಗೆದುಕೊಂಡರೆ ಕೊಟ್ಟವರಿಗೆ ಅವಮಾನ, ಬಲಗೈಯಲ್ಲಿ ತೆಗೆದುಕೊಂಡರೆ ಮಡಿಲೆಲ್ಲ ಚಹಾ. ಯಾರ ಹೆಜ್ಜೆ ಸಪ್ಪಳ ಕೇಳಿದರೂ ಒಳಕೋಣೆ ಸೇರಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ವಯಸ್ಸಿದ್ದಾಗೆಲ್ಲ ಈ ಬೆಟ್ಟಗಳ ಮೇಲೆ ವಿಮಾನ ಹಾರಿಸಿದ ಮನುಷ್ಯ! ಕಂಪ್ಯೂಟರಿನ ಆಟದ ವಿಮಾನವಾದರೂ ಹಾರಿಸಲಿ ಎಂದು, ಅದನ್ನು ನಡೆಸುವ ಜಾಯ್‌ಸ್ಟಿಕ್ ಹುಡುಕಿ ನಾನು ಹೊರಟಿದ್ದು ಅದಕ್ಕೇ.

ಬಜಾರಿನವನು ಭಾರೀ ಲೋಹದ್ದೊಂದನ್ನು ಮುಂದಿಟ್ಟು, “ಯುದ್ಧವಿಮಾನದ್ದು ಅಕ್ಕಾ, ನಿಮ್ಮ ಮಾವ ಮತ್ತೆ ಹುಡುಗ ಆಗ್ಬಿಡ್ತಾರೆ” ಅಂದ. ನೀನು ಫೋನಿನಲ್ಲಿ ಬೈದಿದ್ದು ನೆನಪಿದೆಯಾ? “ಅದು ಬಲಗೈ ಅಚ್ಚಿಂದು ಕಣೇ ಪೆದ್ದಿ. ಎರಡೂ ಕೈಗೆ ಕೂರೋದು ಕೇಳು. ಸ್ಪ್ರಿಂಗ್ ಮೆತ್ತಗಿರ್ಲಿ, ತಳ ಅಲ್ಲಾಡ್ಬಾರ್ದು. ಹಿಡಿ ತಿರುಚಿದ್ರೆ ವಿಮಾನದ ಮೂತಿ ತಿರುಗೋದಾದ್ರೆ ಕಾಲಲ್ಲಿ ಒತ್ತೋ ಪೆಡಲ್ಲಿನ ಖರ್ಚೂ ಉಳಿಯುತ್ತೆ.” ಕೊನೆಗೆ ತಂದದ್ದು ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಅಗ್ಗದ ಜಾಯ್‌ಸ್ಟಿಕ್.

ಮಾವ ನೋಡಿ, “ಕುಮಿಸ್ ಕಡೆಯೋ ಕೋಲು ತಂದಿದ್ದೀಯಲ್ಲಮ್ಮ, ಕುದುರೆ ಹಾಲೆಲ್ಲಿ?” ಅಂದರು. ಆದರೂ ಸಂಜೆಯೊಳಗೆ ಎಡಗೈಯಲ್ಲೇ ಪರದೆಯ ಮೇಲಿನ ವಿಮಾನವನ್ನು ನಮ್ಮ ಸರೋವರ ದಾಟಿಸಿದ್ದರು.

ಮನೆಗೆ ಹೊಸದೇನು ಬಂದರೂ ನೆರೆಯವರು ನೋಡಿ ಕಾಣಿಕೆ ಕೊಡಬೇಕಲ್ಲ, ಶುಕ್ರವಾರ ಎಲ್ಲರೂ ಬಂದೇಬಿಟ್ಟರು. ಪಕ್ಕದ ಮನೆಯ ಸಬೀರಾ ಅಜ್ಜಿ ಹೊಸ ಸೊಸೆಗೆ ಕಟ್ಟುವಂತೆ ಜಾಯ್‌ಸ್ಟಿಕ್ಕಿನ ತಲೆಗೆ ಬಿಳಿ ವಸ್ತ್ರ ಕಟ್ಟಿ, “ಸೊಸೆ ಕುಳ್ಳಿ, ಆದ್ರೆ ಗಟ್ಟಿಗಿತ್ತಿ” ಎಂದು ಎಲ್ಲರನ್ನೂ ನಗಿಸಿದರು. ಮಾವನಿಗೆ ಎದ್ದು ಹೋಗಲು ದಾರಿಯೇ ಇರಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಹುಲ್ಲುಗಾವಲಿನ ಮೇಲೆ ಹಾರಿಸಿ ಎಂದು ಪೀಡಿಸುವವರೇ. ಮಾವ ಬೆವೆತು ಹೋದರು.

ನಾನು ಚಹಾ ಬಗ್ಗಿಸಿದೆ. ಅಜ್ಜಿ ಬಟ್ಟಲನ್ನು ಮಾವನ ಮುಂದೆ ಚಾಚಿದರು. ಮಾವ ಎಡಗೈಯಿಂದ ಬಲಗೈಯನ್ನೆತ್ತಿ ಜಾಯ್‌ಸ್ಟಿಕ್ಕಿನ ಹಿಡಿಯ ಮೇಲಿಟ್ಟರು. ಬೆರಳುಗಳು ಮೆಲ್ಲಗೆ ಮಡಿಚಿಕೊಂಡವು. ಆಮೇಲೆ ಎಡಗೈ ಚಾಚಿದರು.

“ನಂಗೇ ಎಡಗೈಯೇನಯ್ಯಾ?” ಎಂದು ಅಜ್ಜಿ ಗದರಿದರು.

“ಏನ್ಮಾಡ್ಲಿ ಅತ್ತಿಗೆ, ಬಲಗೈಲಿ ವಿಮಾನ ಇದೆ” ಅಂದರು ಮಾವ.

ಮನೆಯೆಲ್ಲ ನಕ್ಕಿತು. ಮಾವ ಆ ಬಟ್ಟಲು ಮುಗಿಸಿ ಇನ್ನೊಂದು ಕೇಳಿದರು. ಅಸೀಪಾ, ನಿನ್ನ ಉಪಕಾರ ಯಾವತ್ತೂ ಮರೆಯುವುದಿಲ್ಲ.

ನಿನ್ನ
ಬೆಗಾಯಿಮ್

ಮ.ವಿ.: ಮೇಲೆ ಬರೆಯದೆ ಬಿಟ್ಟದ್ದೊಂದಿದೆ. ಬಟ್ಟಲು ಚಾಚುವ ಮೊದಲೇ ವಿಮಾನ ಇಳಿದು, ಇಂಜಿನ್ ಆರಿ, ನೆಲದ ಮೇಲೆ ನಿಂತಿತ್ತು. ಎಲ್ಲರೂ ಪರದೆಯನ್ನೇ ನೋಡುತ್ತಿದ್ದರು, ಆದರೂ ಆ ಮಾತನ್ನು ಒಬ್ಬರೂ ಎತ್ತದೆ ಮಾವನ ಜೊತೆ ನಕ್ಕರು. ಹೊರಡುವಾಗ ಸಬೀರಾ ಅಜ್ಜಿ ಬಾಗಿಲಲ್ಲಿ ನನ್ನ ಕಿವಿ ಹಿಡಿದೆಳೆದು ಹೇಳಿದರು: “ಮುಂದಿನ ಶುಕ್ರವಾರಾನೂ ಬರ್ತೀವಿ. ವಿಮಾನ ಹಾರದಿದ್ರೂ ಪರವಾಗಿಲ್ಲ, ಚಹಾ ಮಾತ್ರ ಬಿಸಿ ಇರ್ಲಿ.”