ಹೇರಿನ ಗಾಡಿಗೆ ದಾರಿ ಬಿಟ್ಟವನು ಮೋಸಗಾರನೇ?

ಆನ್‌ಲೈನ್ ಕಾರು ಓಟದ ತೀರ್ಪುಗಾರರ ಮಂಡಳಿಯ ಅಧ್ಯಕ್ಷರೇ,

ನೀವು ನನ್ನನ್ನು ಸ್ಪರ್ಧೆಯಿಂದ ಹೊರಗೆ ಹಾಕಿದ್ದೀರಿ. ಬೇಸರವಾಯಿತು, ನಿಜ. ಆದರೆ ಅಷ್ಟಕ್ಕೇ ಇಷ್ಟುದ್ದ ಬರೆಯುತ್ತಾ ಕೂರುವ ಹೆಂಗಸು ನಾನಲ್ಲ. ನನ್ನ ಜೊತೆಗೆ ನಮ್ಮೂರ ಬೀರೇಶನನ್ನೂ ಹೊರಗೆ ಹಾಕಿ, ಅವನ ಹೆಸರಿನ ಮುಂದೆ ಲೋಕಕ್ಕೆಲ್ಲ ಕಾಣುವಂತೆ ಕೆಂಪಕ್ಷರದಲ್ಲಿ ‘ಮೋಸಗಾರ’ ಎಂದು ಬರೆದಿದ್ದೀರಲ್ಲ, ನನ್ನ ತಕರಾರು ಇರುವುದು ಅಲ್ಲಿ.

ನಿಮ್ಮ ಆದೇಶದಲ್ಲಿ ನಾನೊಂದು ‘ಸಂಶಯಾಸ್ಪದ ಖಾತೆ’. ಗುಡಗೇರಿಯಲ್ಲಿ ನನ್ನನ್ನು ಗಿರಣಿ ಅನ್ನಪೂರ್ಣಾ ಅನ್ನುತ್ತಾರೆ. ತ್ರೀಫೇಸ್ ಕರೆಂಟ್ ಇರುವಷ್ಟು ಹೊತ್ತು ಜೋಳ, ಗೋದಿ ಬೀಸುತ್ತೇನೆ. ತ್ರೀಫೇಸ್ ಹೋದರೆ ಗಿರಣಿ ನಿಲ್ಲುತ್ತದೆ, ಸಿಂಗಲ್ ಫೇಸಿನಲ್ಲಿ ಟಿವಿ ನಡೆಯುತ್ತದೆ. ಆಗ ತಲೆಯ ಮೇಲಿನ ಹಿಟ್ಟು ಝಾಡಿಸಿಕೊಂಡು ನಿಮ್ಮ ಓಟಕ್ಕೆ ಕೂಡುತ್ತೇನೆ. ಆಟದ ಪೆಟ್ಟಿಗೆಯನ್ನು ಹುಬ್ಬಳ್ಳಿಯಿಂದ ಹೊತ್ತು ತಂದವರು ನಮ್ಮ ಯಜಮಾನರು. ಮೊದಲ ತಿರುವಿನಲ್ಲೇ ಪ್ರತಿಸಲ ಗಿಡಕ್ಕೆ ಗುದ್ದಿ, ಬೇಜಾರಾಗಿ, ಅದನ್ನು ನನ್ನ ಕೈಗೆ ಕೊಟ್ಟರು. ಗಿಡಕ್ಕೆ ನಾನೂ ಸಾಕಷ್ಟು ಗುದ್ದಿದ್ದೇನೆ. ಬೇಜಾರು ಮಾತ್ರ ಆಗಲಿಲ್ಲ.

ಬೀರೇಶ ನಮ್ಮ ಗಿರಣಿಯ ಹಿಂದಿನ ಓಣಿಯವನು. ಟೆಂಪೊ ಓಡಿಸುತ್ತಾನೆ. ಸಂತೆಯ ಕಾಳು, ವ್ಯಾಪಾರಿಗಳ ಚೀಲ, ಬೀಗರ ಊರಿಗೆ ಹೋಗುವ ರೊಟ್ಟಿಯ ಬುಟ್ಟಿ, ಎಲ್ಲವೂ ಅವನ ಗಾಡಿಯಲ್ಲೇ. ಅವನೂ ತನ್ನ ಮನೆಯಲ್ಲಿ ಕುಳಿತು ಇದೇ ಆಟ ಆಡುತ್ತಾನೆ, ನನಗಿಂತ ಚೆನ್ನಾಗಿ ಆಡುತ್ತಾನೆ. ಇದನ್ನು ಒಪ್ಪಿಕೊಳ್ಳಲು ನನಗೆ ಹೊಟ್ಟೆ ಉರಿಯುತ್ತದೆ, ಆದರೂ ಇಲ್ಲಿ ದಾಖಲಾಗಲಿ.

ಈಗ ಆ ಉಪಾಂತ್ಯದ ಓಟಕ್ಕೆ ಬರೋಣ. ಮಳೆ ಬಿದ್ದ ಮಣ್ಣಿನ ದಾರಿ. ಮೊದಲು ಬಂದವರಿಗಷ್ಟೇ ಅಂತಿಮ ಸುತ್ತು. ಕಾರನ್ನು ಹೇಗೆ ಹದ ಮಾಡಿಕೊಳ್ಳಬೇಕೆಂಬುದು ಸ್ಪರ್ಧಿಗೆ ಬಿಟ್ಟದ್ದು: ಗಾಲಿಯ ಗಾಳಿ ಎಷ್ಟು, ಸ್ಪ್ರಿಂಗು ಬಿರುಸೋ ಮೆತ್ತಗೋ, ಭಾರ ಮುಂದೋ ಹಿಂದೋ. ಎಲ್ಲರೂ ಕಾರನ್ನು ಹಗುರ ಮಾಡಿಕೊಂಡರು. ನಾನು ಹಿಂದಿನ ಗಾಲಿಗಳ ಮೇಲೆ ಭಾರ ಹೇರಿ, ಸ್ಪ್ರಿಂಗು ಮೆತ್ತಗೆ ಮಾಡಿದೆ. ಎರೆಮಣ್ಣಿನ ರಾಡಿಯಲ್ಲಿ ಖಾಲಿ ಟೆಂಪೊದ ಹಿಂಗಾಲಿ ನಿಂತಲ್ಲೇ ಗಿರ್ರನೆ ತಿರುಗುವುದನ್ನು, ಎರಡು ಚೀಲ ಹಿಂದಕ್ಕೆ ಒಗೆದರೆ ಅದೇ ಗಾಡಿ ಎದ್ದು ಹೋಗುವುದನ್ನು ನಮ್ಮ ಕಡೆ ನೋಡದವರು ಯಾರಿದ್ದಾರೆ? ಭಾರ ಹೇರಿದ್ದಕ್ಕೆ ನಷ್ಟವೂ ಆಯಿತು. ನೆಟ್ಟನೆಯ ದಾರಿಯಲ್ಲಿ ಕಂಡಕಂಡವರೆಲ್ಲ ನನ್ನನ್ನು ಹಿಂದೆ ಹಾಕಿದರು. ರಾಡಿಯ ತಿರುವುಗಳಲ್ಲಿ ಅವರು ಗಟಾರದಲ್ಲಿದ್ದರು, ನಾನು ದಾರಿಯಲ್ಲಿದ್ದೆ.

ಆ ಓಟದ ಕೊನೆಯ ಸುತ್ತಿನಲ್ಲಿ ಬೀರೇಶ ಮೊದಲು, ಬೆನ್ನಿಗೇ ನಾನು. ದಾರಿ ಒಂದೇ ಗಾಡಿಯಷ್ಟು ಅಗಲ. ಮುಗೀತು, ಇವನನ್ನು ಹಿಂದೆ ಹಾಕುವುದು ನನ್ನಿಂದಾಗದು ಅಂದುಕೊಂಡೆ. ಅಷ್ಟರಲ್ಲಿ ಆ ಪುಣ್ಯಾತ್ಮ ತನ್ನ ಕಾರನ್ನು ಪದ್ಧತಿಶೀರ, ಅಚ್ಚುಕಟ್ಟಾಗಿ ಎಡಕ್ಕೆ ಸರಿಸಿ, ಹುಲ್ಲಿನ ಮೇಲೆ ನಿಲ್ಲಿಸಿಯೇಬಿಟ್ಟ! ನಾನು ಹೋದೆ, ಗೆದ್ದೆ. ಹಿಂದೆ ಕಾಟಿನ ಮೇಲೆ ಬತ್ತಿ ಹೊಸೆಯುತ್ತಾ ನೋಡುತ್ತಿದ್ದ ನಮ್ಮತ್ತೆ ಮೈಲಾರವ್ವನಿಗೆ ಇದರಲ್ಲಿ ಯಾವ ಆಶ್ಚರ್ಯವೂ ಕಾಣಲಿಲ್ಲ. “ಹೇರಿನ ಗಾಡಿ ಬಂತಂತ ಬಾಜೂಕ ಸರದ ನೋಡು. ಅಗದಿ ಶಾಣ್ಯಾ ಅದಾನ ಬೀರೇಶ” ಎಂದರು.

ನಾನು ಸಿಟ್ಟಿನಿಂದ ಫೋನ್ ಮಾಡಿದೆ. “ಯಾಕಲೇ ಬೀರೇಶ, ಹೆಣ್ಮಗಳು ಅಂತ ದಾನಾ ಕೊಟ್ಟಿ ಏನು?”

“ಅಯ್ಯ, ಇಲ್ರಿ ಅಕ್ಕಾರ! ನಮ್ಮವ್ವನ ಆಣಿ. ಕನ್ನಡ್ಯಾಗ ನೋಡಿದ್ರ ನಿಮ್ಮ ಗಾಡಿ ಹಿಂದ ಕುಂತು, ಮಾರಿ ಮ್ಯಾಲ ಎತ್ಕೊಂಡು ಬರಾಕತ್ತಿತ್ತು. ಹೇರ್ ಐತಿ ಅನ್ನಿಸ್ತು. ಕೈ ತಾನ ತಿರುಗಿಸಿಬಿಡ್ತ್ರಿ. ನಿಮ್ಮ ಗಾಡಿ ಮುಂದ ಹೋದ ಮ್ಯಾಲೆ ನೆನಪಾತು, ಇದು ಹೊಲದ ದಾರಿ ಅಲ್ಲ ಅಂತ.”

ಅಧ್ಯಕ್ಷರೇ, ನೀವು ನಮ್ಮ ಹೊಲದ ದಾರಿಗಳಲ್ಲಿ ಗಾಡಿ ಹೊಡೆದವರಲ್ಲ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಹೇರು ತುಂಬಿದ ಗಾಡಿ ರಾಡಿಯಲ್ಲಿ ಒಮ್ಮೆ ನಿಂತರೆ ಮತ್ತೆ ಏಳುವುದು ಕಷ್ಟ. ಅದಕ್ಕೆ ಖಾಲಿ ಗಾಡಿಯವನು ಬದಿಗೆ ಸರಿಯುತ್ತಾನೆ. ಎದುರಿಗೆ ಬಂದರೂ ಸರಿ, ಹಿಂದಿನಿಂದ ಬಂದರೂ ಸರಿ, ಬರುವವನು ಹಗೆಯಾಗಿದ್ದರೂ ಸರಿ. ಹತ್ತು ವರ್ಷ ಟೆಂಪೊ ಓಡಿಸಿದವನ ಕೈ ಇದನ್ನು ತಲೆಯ ಅಪ್ಪಣೆ ಕೇಳಿ ಮಾಡುವುದಿಲ್ಲ.

ನಿಮ್ಮ ಮಂಡಳಿ ಕಂಡುಹಿಡಿದದ್ದೇನು? “ಭಾರ ಹೆಚ್ಚಿಸುವುದರಿಂದ ಸ್ಪರ್ಧಿಗೆ ಯಾವ ಪ್ರಯೋಜನವೂ ಇಲ್ಲ, ಆದ್ದರಿಂದ ಇದು ಸಹಚರನಿಗೆ ನೀಡಿದ ಸಂಕೇತ.” ಆಹಾ! ಓದಿ ಓದಿ ನಕ್ಕೆ. ಪ್ರಯೋಜನವಿಲ್ಲದಿದ್ದರೆ ಭಾರ ಹೆಚ್ಚಿಸುವ ಗುಂಡಿಯನ್ನು ನಿಮ್ಮ ಆಟದಲ್ಲಿ ಇಟ್ಟವರು ಯಾರು ಸ್ವಾಮಿ, ನಾನೇ? ಸಂಚು ಮಾಡುವ ಆಸೆಯಿದ್ದರೆ ಹಿಂದಿನ ಓಣಿಯವನಿಗೆ ಗೋಡೆಯ ಮೇಲಿನಿಂದ ಕೂಗಿ ಹೇಳುತ್ತಿದ್ದೆ. ಅದಕ್ಕಾಗಿ ಕಾರಿನ ಸ್ಪ್ರಿಂಗು ಸಡಿಲಿಸುತ್ತಾ ಕೂರಬೇಕಿತ್ತೇ? ತನ್ನ ಗೆಲುವನ್ನೇ ಹುಲ್ಲಿನ ಮೇಲೆ ಬಿಟ್ಟುಕೊಟ್ಟವನಿಗೆ ಈ ಮೋಸದಿಂದ ಸಿಕ್ಕ ಲಾಭ ಯಾವುದು? ಸಿಕ್ಕಿದ್ದು ನಿಮ್ಮ ಕೆಂಪಕ್ಷರವೊಂದೇ.

ಅಷ್ಟಕ್ಕೇ ನಿಲ್ಲಲಿಲ್ಲ ನೀವು. ಇನ್ನು ಮುಂದೆ ಎಲ್ಲರೂ ಮಂಡಳಿ ಮಾಡಿಕೊಟ್ಟ ಒಂದೇ ಹದದ ಕಾರು ಓಡಿಸಬೇಕಂತೆ, ಅದೇ ನ್ಯಾಯವಂತೆ. ನನ್ನ ಗಿರಣಿಗೆ ಬಂದು ನೋಡಿ. ಒಬ್ಬರಿಗೆ ರೊಟ್ಟಿಗೆ ಸಣ್ಣ ಹಿಟ್ಟು ಬೇಕು, ಒಬ್ಬರಿಗೆ ಸಜ್ಜಕಕ್ಕೆ ಗೋದಿ ಒಡೆದು ಕೊಡಬೇಕು. ಸಮಾನತೆ ಅಂತ ಎಲ್ಲರಿಗೂ ಒಂದೇ ಹಿಟ್ಟು ಬೀಸಿದರೆ ನನ್ನನ್ನು ಕಲ್ಲಿಗೆ ಹಾಕಿ ಬೀಸಿಯಾರು. ನಾನು ಸರಿಸಮ ಇಡಬೇಕಾದದ್ದು ಪಾಳಿಯನ್ನು. ಗೌಡರ ಡಬ್ಬಿ ಬಂತೆಂದು ದುರಗವ್ವನ ಡಬ್ಬಿ ಹಿಂದೆ ಸರಿಸಿದರೆ ಅದು ಅನ್ಯಾಯ. ಹಾಗೆಯೇ, ಇರುವ ಗುಂಡಿಗಳೆಲ್ಲ ಎಲ್ಲರಿಗೂ ಇರಲಿ, ಮಿತಿಯೂ ಎಲ್ಲರಿಗೂ ಒಂದೇ ಇರಲಿ. ಆಮೇಲೆ ಯಾರು ಏನು ಆರಿಸಿದರು, ಏನು ಕಳೆದುಕೊಂಡರು ಎಂಬುದೇ ಆಟ. ಅದನ್ನೂ ನೀವೇ ಆರಿಸಿದರೆ ನಾವೇಕೆ ಕೂಡಬೇಕು? ನೀವೇ ಓಡಿಸಿ, ನೀವೇ ಗೆದ್ದು, ನೀವೇ ಚಪ್ಪಾಳೆ ಹೊಡೆದುಕೊಳ್ಳಿ.

ಒಂದು ಮಾತು ಒಪ್ಪುತ್ತೇನೆ. ಓಟದಲ್ಲಿ ದಾರಿ ಬಿಟ್ಟುಕೊಡಬಾರದು ಎಂಬ ನಿಯಮವಿದೆ, ಬೀರೇಶ ಬಿಟ್ಟ. ಆ ಓಟವನ್ನು ರದ್ದು ಮಾಡಿ, ನಾನು ಕಮಕ್ ಕಿಮಕ್ ಅನ್ನುವುದಿಲ್ಲ. ಆದರೆ ತಪ್ಪು ಬೇರೆ, ಮೋಸ ಬೇರೆ. ಆ ವ್ಯತ್ಯಾಸ ನೋಡುವುದಕ್ಕೇ ತಾನೆ ತೀರ್ಪುಗಾರರು ಅಂತ ನಿಮ್ಮನ್ನು ಕೂಡಿಸಿರುವುದು?

ನಿಮ್ಮ ಕೆಂಪಕ್ಷರದ ಚಿತ್ರ ನಮ್ಮೂರ ವಾಟ್ಸಾಪ್ ಗುಂಪಿಗೆ ಬಂತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಹೋದ ಸಂತೆಯ ದಿನ ನಮ್ಮ ಗಿರಣಿಯ ಎದುರಿಗೆ ಬೀರೇಶ ಒಬ್ಬ ವ್ಯಾಪಾರಿಯ ಕಡಲೆ ಚೀಲಗಳನ್ನು ಇಳಿಸಿದ. ಇಷ್ಟು ವರ್ಷ ಬೆನ್ನು ಹಾಕಿ ಫೋನಿನಲ್ಲಿ ಮಾತಾಡುತ್ತಾ ನಿಲ್ಲುತ್ತಿದ್ದ ಆ ಮನುಷ್ಯ ಅಂದು ಒಂದೊಂದೇ ಚೀಲ ಮುಟ್ಟಿ ಎಣಿಸಿದ. “ಚಾಷ್ಟಿ ಮಾಡಿದೆ ಬಿಡೋ ಬೀರೇಶ, ನೀ ಈಗ ದೊಡ್ಡ ಮೋಸಗಾರ ಅಲ್ಲಾ?” ಎಂದು ನಕ್ಕ. ಬೀರೇಶನೂ ನಕ್ಕ. ಅವತ್ತಿನಿಂದ ಅವನು ಆಟ ಮುಟ್ಟಿಲ್ಲ. ಕೇಳಿದರೆ, “ಒಲ್ಲೆ ಬಿಡ್ರಿ ಅಕ್ಕಾರ, ಟೈಮ್ ಸಿಗೂದಿಲ್ಲ” ಅನ್ನುತ್ತಾನೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ಉಪಾಂತ್ಯವನ್ನು ಇನ್ನೊಮ್ಮೆ ಓಡಿಸಿ. ನಾನು ಭಾರ ಹೇರಿಕೊಂಡೇ ಬರುತ್ತೇನೆ, ಅವನು ಕನ್ನಡಿ ಮುಚ್ಚಿಕೊಂಡು ಬರಲಿ, ಗೆದ್ದವರು ಗೆಲ್ಲಲಿ. ಅದು ನಿಮ್ಮಿಂದಾಗದಿದ್ದರೆ ಬಿಡಿ, ನನಗೆ ಅಂತಿಮ ಸುತ್ತೂ ಬೇಡ, ನಿಮ್ಮ ಪದಕವೂ ಬೇಡ. ಬೀರೇಶನ ಹೆಸರಿನ ಮುಂದಿನ ಆ ಶಬ್ದವನ್ನು ಮಾತ್ರ ಮುಂದಿನ ಸಂತೆಯೊಳಗೆ ಅಳಿಸಿ. ಬರೆಯಲೇಬೇಕು ಅಂತಿದ್ದರೆ ನನ್ನ ಹೆಸರಿನ ಮುಂದೆ ಬರೆದುಕೊಳ್ಳಿ. ನಾನು ಗಿರಣಿಯವಳು, ಜನ ನನ್ನೆದುರಿಗೇ ನಿಂತು ತಮ್ಮ ಹಿಟ್ಟು ತುಂಬಿಸಿಕೊಂಡು ಹೋಗುತ್ತಾರೆ. ಅವನು ಊರವರ ಚೀಲ ಹೇರಿಕೊಂಡು ಯಾರ ಕಣ್ಣಿಗೂ ಬೀಳದ ದಾರಿಯಲ್ಲಿ ಒಬ್ಬನೇ ಹೋಗಬೇಕು.

ಇಂತಿ,
ನಿಮ್ಮ ಲೆಕ್ಕದಲ್ಲಿ ಮೋಸದಿಂದ ಗೆದ್ದ, ತನ್ನ ಲೆಕ್ಕದಲ್ಲಿ ಇನ್ನೂ ಗೆಲ್ಲಬೇಕಾಗಿರುವ
ಅನ್ನಪೂರ್ಣಾ,
ಹಿಟ್ಟಿನ ಗಿರಣಿ, ಗುಡಗೇರಿ