ಸುರುಳಿಗೆ ಚಳಿಯಾಗದಂತೆ

ಜನವರಿ ೧೮, ಭಾನುವಾರ ಮಧ್ಯಾಹ್ನ

ನನ್ನ ಗುಬ್ಬಿಗೆ,

ಅಪ್ಪನ ಅಕ್ಕರೆಯ ನೆನಪುಗಳು. ಹದಿನಾಲ್ಕು ತುಂಬಿದವಳನ್ನು ಇನ್ನೂ ಗುಬ್ಬಿ ಎನ್ನುತ್ತಾನಲ್ಲ ಎಂದು ಮುಖ ಊದಿಸಿಕೊಳ್ಳಬೇಡ. ಪತ್ರದಲ್ಲಿ ಕರೆದರೆ ನಿನ್ನ ಗೆಳತಿಯರಿಗೆ ಕೇಳಿಸುವುದಿಲ್ಲ.

ನಿನ್ನ ಕಾರ್ಡು ಬಂದು ಐದು ವಾರವಾಯಿತು. ಅದರಲ್ಲಿ ಇದ್ದದ್ದು ಒಂದೇ ಸಾಲು, ಸುರುಳಿ ಹೇಗಿದ್ದಾಳೆ ಎಂದು. ಒಂದು ಸಾಲಿಗೆ ಉತ್ತರ ಬರೆಯಲು ಐದು ವಾರ ಬೇಕಾಯಿತೇ ಎಂದು ಕೇಳಿದರೆ, ಹೌದು, ಬೇಕಾಯಿತು. ಸುಳ್ಳು ಬರೆಯಲು ಮನಸ್ಸು ಬರಲಿಲ್ಲ, ನಿಜ ಬರೆಯಲು ಕೈ ಬರಲಿಲ್ಲ. ಫೋನಿನಲ್ಲಂತೂ ನಮ್ಮಿಬ್ಬರದೂ ಹೂಂ, ಊಹೂಂ ಬಿಟ್ಟು ಮುಂದಕ್ಕೆ ಹೋಗುವುದಿಲ್ಲ. ಈಗ ಬರೆಯಬಹುದು. ನಿನ್ನ ಹಾವು ಚೆನ್ನಾಗಿದೆ. ಇದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದು.

ನೀನು ಅಮ್ಮನ ಜೊತೆ ಅಜ್ಜಿ ಮನೆಗೆ ಹೋದ ಮೇಲೆ ನಾನು ನಮ್ಮ ಆ ಮನೆ ಬಿಟ್ಟೆ. ಬೇಕರಿಯ ಹಿಂದಿನ ಬೀದಿಯಲ್ಲಿ ಮೂರನೇ ಮಹಡಿಯ ಮೇಲೆ ಎರಡು ಕೋಣೆ ಸಿಕ್ಕಿತು. ಸುರುಳಿಯ ಗಾಜಿನ ಪೆಟ್ಟಿಗೆಯನ್ನು ಮೆಟ್ಟಿಲು ಹತ್ತಿಸುವಾಗ ಅದರಡಿಯ ಹೀಟ್ ಮ್ಯಾಟು, ಅದೇ ಕರೆಂಟಿನಿಂದ ಬಿಸಿಯಾಗುವ ಆ ಹಾಸು, ಹರಿದುಹೋಯಿತು. ಆಮೇಲೆ ತರೋಣವೆಂದು ಬಿಟ್ಟೆ. ಅಷ್ಟರಲ್ಲಿ ಡಿಸೆಂಬರಿನ ಚಳಿ ಬಂತು. ಸುರುಳಿ ಮೂಲೆಯಲ್ಲಿ ಮುದುಡಿ ಮಲಗಿದಳು, ಇಲಿಮರಿ ಹಾಕಿದರೆ ತಿರುಗಿಯೂ ನೋಡಲಿಲ್ಲ.

ಇಪ್ಪತ್ತೆರಡು ವರ್ಷ ಓವನ್ನಿನ ಮುಂದೆ ನಿಂತವನು ನಾನು. ಬಾಗಿಲು ತೆಗೆದು ಕೈ ಒಡ್ಡಿದರೆ ಸಾಕು, ಬ್ರೆಡ್ಡಿಗೆ ಹದವೋ ಬಿಸ್ಕತ್ತಿಗೆ ಹದವೋ ಹೇಳಬಲ್ಲೆ. ಒಂದು ಹಾವಿಗೆ ಶಾಖ ಕೊಡುವುದು ಯಾವ ಮಹಾವಿದ್ಯೆ ಎಂದುಕೊಂಡೆ. ಪೆಟ್ಟಿಗೆಯೊಳಗೆ ಒಂದು ಬಲ್ಬು ಇಳಿಬಿಟ್ಟು, ಕೈಯಿಟ್ಟು ನೋಡಿ, ಸರಿಯಿದೆ ಎನಿಸಿ ಕೆಲಸಕ್ಕೆ ಹೋದೆ. ಮಧ್ಯಾಹ್ನ ಬಂದು ನೋಡಿದರೆ ಸುರುಳಿ ಆ ಬಲ್ಬಿಗೇ ಸುತ್ತಿಕೊಂಡಿದ್ದಳು. ಆರಿಸಿ, ಬಿಡಿಸಿ ನೋಡಿದೆ. ಹೊಟ್ಟೆಯ ಮೇಲೆ ನನ್ನ ಬೆರಳುದ್ದದ ಸುಟ್ಟ ಗಾಯ.

ಮೈದಾ ಮೆತ್ತಿದ ಅಂಗಿಯಲ್ಲೇ, ಅವಳನ್ನು ಬಟ್ಟೆಯ ಚೀಲದಲ್ಲಿಟ್ಟು ಎದೆಗವಚಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಓಡಿದೆ. ಅಲ್ಲಿನ ಡಾಕ್ಟರಮ್ಮ ಗಾಯ ತೊಳೆದು, ಮುಲಾಮು ಹಚ್ಚಿದರು. ಬೈಯಲಿಲ್ಲ. ಥರ್ಮಾಮೀಟರ್ ಎಲ್ಲಿಟ್ಟಿದ್ದಿರಿ ಎಂದು ಕೇಳಿದರು, ಅಷ್ಟೆ. ಕೈಯಿಟ್ಟು ನೋಡಿದ್ದೆ ಎಂದೆ.

"ನಿಮ್ಮ ಕೈ ಸುಟ್ರೆ ನೀವು ಹಿಂದಕ್ಕೆ ತಗೋತೀರ," ಎಂದರು. "ಚಳಿಗೆ ಸೋತ ಹಾವು ತಗೊಳಲ್ಲ. ಸುಡ್ತಾ ಇದ್ರೂ ಅಪ್ಕೊಂಡೇ ಇರುತ್ತೆ."

ಮನೆಗೆ ಬರುವ ದಾರಿಯುದ್ದಕ್ಕೂ ಆ ಮಾತು ಕಿವಿಯಲ್ಲೇ ಕೂತಿತ್ತು.

ಗಾಯ ಮಾಯುವವರೆಗೆ ಸುರುಳಿಯನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಇತ್ತ ಪೆಟ್ಟಿಗೆಯನ್ನು ಹೊಸದಾಗಿ ಸಿದ್ಧಮಾಡಲು ಕೆಳಮಹಡಿಯಲ್ಲಿರುವ ಫ್ರಿಜ್ ರಿಪೇರಿಯವರನ್ನು ಕರೆದೆ. ಒಳಗೆ ಬಂದವರು ಮೊದಲು ಹಾವು ಎಲ್ಲಿದೆ ಎಂದು ಕೇಳಿ, ಇಲ್ಲವೆಂದು ಖಾತ್ರಿಯಾದ ಮೇಲೆಯೇ ಚಪ್ಪಲಿ ಬಿಟ್ಟರು. ಜೀವನವಿಡೀ ತಣ್ಣಗೆ ಮಾಡೋದೇ ಕಸುಬು, ಬಿಸಿ ಮಾಡೋದು ಇದೇ ಮೊದಲು ಎಂದು ನಕ್ಕರು. ಆದರೆ ಕೆಲಸ ಅಚ್ಚುಕಟ್ಟು. ಹೊಸ ಮ್ಯಾಟು ಗಾಜಿನ ಹೊರಗೆ, ಅಡಿಯಲ್ಲಿ, ಮೂರನೇ ಒಂದು ಭಾಗಕ್ಕೆ ಮಾತ್ರ. ಶಾಖ ಅಡಿಯಲ್ಲೇ ಕಟ್ಟಿಕೊಂಡು ಗಾಜು ಸೀಳದಿರಲೆಂದು ನಾಲ್ಕು ಮೂಲೆಗೂ ರಬ್ಬರಿನ ಕಾಲು. ವೈರು ಪ್ಲಗ್ಗಿಗಿಂತ ಕೆಳಗೆ ಇಳಿದು ಮೇಲೇರಬೇಕಂತೆ. ನೀರು ಚೆಲ್ಲಿದರೂ ಪ್ಲಗ್ಗಿಗೆ ಹೋಗದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ಮುಖ್ಯವಾದದ್ದು ಥರ್ಮೋಸ್ಟಾಟ್. ಅದರ ತಂತಿಯ ತುದಿ ಮ್ಯಾಟಿನ ಬಿಸಿಯನ್ನು ತಿಳಿದುಕೊಂಡು, ಮೂವತ್ತು ಡಿಗ್ರಿ ಮುಟ್ಟಿದೊಡನೆ ಕರೆಂಟು ನಿಲ್ಲಿಸುತ್ತದೆ. ಅದನ್ನೂ ಪೂರ್ತಿ ನಂಬಬಾರದೆಂದು ಡಾಕ್ಟರಮ್ಮ ಹೇಳಿದ್ದರಿಂದ ಬಿಸಿ ಬದಿಗೊಂದು, ತಂಪು ಬದಿಗೊಂದು ಬೇರೆ ಥರ್ಮಾಮೀಟರ್ ಇಟ್ಟೆವು. ಎರಡು ಬದಿಗೂ ಒಂದೊಂದು ಗೂಡು.

ಅಂದೇ ಸುರುಳಿಯನ್ನು ಕರೆತರುತ್ತೇನೆಂದು ಹೊರಟೆ. ರಿಪೇರಿಯವರು ತಡೆದು, ಎರಡು ದಿನ ಖಾಲಿ ಓಡಿಸಿ ನೋಡಿ ಎಂದರು. ನನಗೆ ಸಿಟ್ಟೇ ಬಂತು. ಮರುದಿನ ಬೆಳಿಗ್ಗೆ ನೋಡಿದರೆ ಬಿಸಿ ಬದಿಯಲ್ಲಿ ನಲವತ್ತನಾಲ್ಕು! ತಂತಿಯ ತುದಿ ಅಂಟು ಬಿಟ್ಟು ಜಾರಿ ಪೆಟ್ಟಿಗೆಯ ಹೊರಗೆ ನೇತಾಡುತ್ತಿತ್ತು. ಕೋಣೆಯ ಚಳಿಯನ್ನು ಹಾವಿನ ಚಳಿಯೆಂದು ತಿಳಿದ ಪೆದ್ದು ಯಂತ್ರ ಒಂದೇ ಸಮ ಕಾಯಿಸುತ್ತಲೇ ಇತ್ತು. ನಾನು ಅವರ ಮನೆಗೆ ಇಳಿದುಹೋಗಿ ಕೈಮುಗಿದೆ. ಅವರು ಮೇಲೆ ಬಂದು, ಆ ತುದಿಯನ್ನು ಅಲುಗಾಡದ ಹಾಗೆ ಭದ್ರವಾಗಿ ಕೂರಿಸಿದರು. ಆಮೇಲೆ ಎರಡಲ್ಲ, ನಾಲ್ಕು ದಿನ ಖಾಲಿ ಓಡಿಸಿದೆ. ಬೇಕರಿಯಿಂದ ಬಂದಾಗಲೆಲ್ಲ ಖಾಲಿ ಪೆಟ್ಟಿಗೆಯ ಮುಂದೆ ಮಣೆ ಹಾಕಿಕೊಂಡು ಅಂಕಿ ಬರೆದೆ. ಮೂವತ್ತು, ಇಪ್ಪತ್ನಾಲ್ಕು. ಮೂವತ್ತು, ಇಪ್ಪತ್ನಾಲ್ಕು. ಯಾರೂ ಇಲ್ಲದ ಮನೆಯನ್ನು ಬೆಚ್ಚಗಿಡುವುದು ಏನೆಂದು ಆ ನಾಲ್ಕು ದಿನ ತಿಳಿಯಿತು, ಮಗಳೇ.

ಸುರುಳಿ ಬಂದ ದಿನ ಇಡೀ ಪೆಟ್ಟಿಗೆ ನಾಲಿಗೆಯಲ್ಲೇ ಅಳೆದಳು. ಬಿಸಿ ಬದಿಯ ಗೂಡಿನಲ್ಲಿ ಸ್ವಲ್ಪ ಹೊತ್ತು, ತಂಪು ಬದಿಯಲ್ಲಿ ಸ್ವಲ್ಪ ಹೊತ್ತು. ಕಳೆದ ಮಂಗಳವಾರ ಇಲಿಮರಿ ನುಂಗಿದಳು. ನಾನೊಬ್ಬನೇ ಚಪ್ಪಾಳೆ ತಟ್ಟಿದೆ. ಗಾಯದ ಜಾಗ ಸ್ವಲ್ಪ ಬಿಳಿಚಿದೆ, ಇನ್ನೆರಡು ಸಲ ಪೊರೆ ಬಿಟ್ಟರೆ ಗೊತ್ತೂ ಆಗುವುದಿಲ್ಲವಂತೆ.

ಈ ಮನೆಯಲ್ಲಿ ಸದ್ದೆಂದರೆ ಥರ್ಮೋಸ್ಟಾಟಿನ ಟಿಕ್ ಒಂದೇ. ಸಂಜೆ ನಾಲ್ಕಕ್ಕೆ, ನಿನ್ನ ಶಾಲೆ ಬಿಡುವ ಹೊತ್ತಿಗೆ, ಕೈ ತಾನಾಗಿ ಎರಡು ಲೋಟ ಇಳಿಸುತ್ತದೆ. ಒಂದನ್ನು ಮತ್ತೆ ಮೇಲಿಡುತ್ತೇನೆ.

ರಜೆಯಲ್ಲಿ ಬರಲಾದರೆ ಬಾ, ಆಗದಿದ್ದರೆ ಅಮ್ಮನ ಮೇಲೆ ಸಿಡುಕಬೇಡ. ಅಜ್ಜಿಗೆ ಹಾವೆಂದರೆ ಭಯ, ಸುರುಳಿಯನ್ನು ಅಲ್ಲಿಗೆ ಒಯ್ಯಲಾಗದ್ದಕ್ಕೆ ಅಮ್ಮ ತಾನೇ ಏನು ಮಾಡಿಯಾಳು. ಒದ್ದೆ ತಲೆಯಲ್ಲಿ ಹೊರಗೆ ಹೋಗಬೇಡ. ಚೆನ್ನಾಗಿ ಓದು, ಚೆನ್ನಾಗಿ ಉಣ್ಣು. ನೀನು ಇರುವ ಕಡೆಯೆಲ್ಲ ನಿನಗೆ ಒಳ್ಳೆಯದೇ ಆಗಲಿ.

ನಿನ್ನ
ಅಪ್ಪ

ಮರೆತ ಮಾತು: ಮರೆತಿರಲಿಲ್ಲ. ಆ ದಿನ ಕೋರ್ಟಿನಲ್ಲಿ ನ್ಯಾಯಾಧೀಶರು ನಿನ್ನನ್ನು ಹತ್ತಿರ ಕರೆದು, ಯಾರ ಹತ್ತಿರ ಇರುತ್ತೀಯಮ್ಮ ಎಂದಾಗ ನೀನು ತಿರುಗಿ ನನ್ನನ್ನು ನೋಡಿದೆ. ನಾನು ನನ್ನ ಬೂಟು ನೋಡುತ್ತ ಕುಳಿತೆ. ಹೊರಗೆ ಬಂದ ಮೇಲೆ, "ಅಪ್ಪಾ, ನಿಂಗೆ ನಾನು ಬೇಡ್ವಾ?" ಎಂದು ಕೇಳಿದೆ. ಬಸ್ಸಿಗೆ ಹೊತ್ತಾಯಿತು ಎಂದೆ. ತಲೆಯೆತ್ತಿದ್ದರೆ ನನ್ನ ಮುಖ ನೋಡಿ ನೀನು ಕನಿಕರಕ್ಕೆ ನನ್ನ ಕಡೆ ಬಂದುಬಿಡುತ್ತಿದ್ದೆ, ಗುಬ್ಬಿ. ಹಾಗಾಗಬಾರದೆಂದು ತಲೆ ತಗ್ಗಿಸಿದೆ. ನೀನು ಕೇಳಿದ್ದಕ್ಕೆ ಉತ್ತರ ಇಲ್ಲಿದೆ. ಬೇಕು.