ಕೆಲಸ ಬಿಡುವವರ ಗ್ರೂಪ್

ಮಾರ್ಚ್ 3, ಸೋಮವಾರ

ಮತ್ತೆ ಸಾಫ್ಟ್‌ವೇರಿನ ಹೊಸ ವರ್ಷನ್. ಮೊದಲು ಅಕೌಂಟ್ಸ್ ಗ್ರೂಪಿಗೆ, ಆಮೇಲೆ ಸೇಲ್ಸ್. ಒಬ್ಬೊಬ್ಬರ ಲ್ಯಾಪ್‌ಟಾಪ್ ಹಿಡಿದು ಕೂರುವ ಕಾಲ ಹೋಯಿತು — ಯಾರ ಹೆಸರನ್ನು ಯಾವ ಗ್ರೂಪಿಗೆ ಸೇರಿಸಿದರೂ ಆ ಗ್ರೂಪಿನ ಸಾಫ್ಟ್‌ವೇರ್ ಅವರ ಲ್ಯಾಪ್‌ಟಾಪಿನಲ್ಲಿ ತಾನೇ ಹೋಗಿ ಕೂರುತ್ತದೆ. ಅದನ್ನು ಮಾಡಿಸುವ ಪುಟ್ಟ ಪ್ರೋಗ್ರಾಂ, ಆ ಸ್ಕ್ರಿಪ್ಟ್, ನನ್ನದು. ಅತ್ತಿಗುಪ್ಪೆ ಮೆಟ್ರೋದಲ್ಲಿ ನಿಂತುಕೊಂಡೇ ಯೋಚಿಸಿ ಯೋಚಿಸಿ ಬರೆದದ್ದು.

ಮಾರ್ಚ್ 5

ಇಡೀ ಆಫೀಸಿಗೆ ಮೇಲ್. "ಮೋಹನ್ ಕುಮಾರ್ ರೂಪಿಸಿದ ಸ್ಕ್ರಿಪ್ಟ್"! ಮೋಹನ್ ಕುಮಾರ್ ಅಂದರೆ ನಮ್ಮ ಮ್ಯಾನೇಜರ್ ಸಾಹೇಬರು; ಅವರಿಗೆ ಪ್ರಮೋಷನ್ ಬೇರೆ. ನನ್ನ ಹೆಸರು ಥ್ಯಾಂಕ್ಸ್‌ನಲ್ಲೂ ಇಲ್ಲ. ಹೋಗಿ ಅವರನ್ನೇ ಕೇಳಿಬಿಟ್ಟೆ.

"ಟೀಮ್ ಅಂದ್ಮೇಲೆ ನಿಂದು ನಂದು ಅಂತ ಯಾಕಮ್ಮ ಶಿವರಂಜನಿ?"

ಪಕ್ಕದ ಸೀಟಿನ ಕುಸುಮಾ, "ಬಿಡೇ, ಎಲ್ಲಾ ಕಡೆ ಇದೇ ಕಣೇ" ಎಂದಳು.

ಬಿಡುವುದಿಲ್ಲ.

ಮಾರ್ಚ್ 18

ದಾರಿ ಸಿಕ್ಕಿತು. ಯಾರನ್ನು ಗ್ರೂಪಿಗೆ ಸೇರಿಸಬೇಕಾದರೂ ಸಾಹೇಬರ ಒಪ್ಪಿಗೆ ಬೇಕು, ಆದರೆ ಈ ಮನುಷ್ಯ ಯಾವ ರಿಕ್ವೆಸ್ಟನ್ನೂ ಓದುವುದಿಲ್ಲ. ಬಂದದ್ದಕ್ಕೆಲ್ಲ ಕಣ್ಣು ಮುಚ್ಚಿ ಅಪ್ರೂವ್... ಕೆಲಸ ಬಿಡುವವರಿಗೆಂದೇ ಒಂದು ಗ್ರೂಪಿದೆ. ಅದಕ್ಕೆ ಸೇರಿದವರ ಲ್ಯಾಪ್‌ಟಾಪಿನಿಂದ ನನ್ನ ಸ್ಕ್ರಿಪ್ಟ್ ಒಂದೊಂದೇ ಸಾಫ್ಟ್‌ವೇರನ್ನು ಕಿತ್ತುಹಾಕುತ್ತದೆ.

ಮಾರ್ಚ್ 24, ಬೆಳಿಗ್ಗೆ

ಗುರುವಾರ ಸಾಹೇಬರು ಡೈರೆಕ್ಟರ್ ಜಗದಾಂಬಾ ಮೇಡಂ ಎದುರು 'ತಮ್ಮ' ಸ್ಕ್ರಿಪ್ಟಿನ ಪ್ರೆಸೆಂಟೇಶನ್ ಕೊಡುತ್ತಾರಂತೆ. ಕೊಡಲಿ. ರಿಕ್ವೆಸ್ಟ್ ಹಾಕಿದೆ — ಕೆಲಸ ಬಿಡುವವರ ಗ್ರೂಪಿಗೆ ಮೋಹನ್ ಕುಮಾರ್, ಗುರುವಾರ ಹನ್ನೊಂದಕ್ಕೆ. ಏನನ್ನೂ ಮುಚ್ಚಿಡಲಿಲ್ಲ, ಸ್ಪಷ್ಟವಾಗಿ ಬರೆದೆ. ಕಾಫಿ ಮುಗಿಯುವುದರೊಳಗೆ ಅಪ್ರೂವ್ ಆಗಿ ಬಂತು. ಜೊತೆಗೊಂದು ಥಂಬ್ಸ್ ಅಪ್.

ತನ್ನ ಹಳ್ಳ ತಾನೇ ತೋಡಿಕೊಂಡ. ನಾನು ಗುದ್ದಲಿ ಕೊಟ್ಟೆ, ಅಷ್ಟೇ. ಖುಷಿಗೆ ಇನ್ನೊಂದು ಕಾಫಿ ತರಿಸಿಕೊಂಡೆ.

ಮಾರ್ಚ್ 27, ಹನ್ನೊಂದೂಕಾಲು

ಮೀಟಿಂಗ್ ರೂಮಿನ ಗಾಜಿನಾಚೆ ಎಲ್ಲ ಕಾಣುತ್ತಿದೆ. ಸ್ಲೈಡ್ ಮಾಯ. ಮೇಲ್ ಮಾಯ. ಸಾಹೇಬರು ಕೀಬೋರ್ಡ್ ಕುಟ್ಟುತ್ತಿದ್ದಾರೆ, ಬೆವರು ಒರೆಸಿಕೊಳ್ಳುತ್ತಿದ್ದಾರೆ. ಆಹಾ!

"ಏನೇ ಮಾಡ್ದೆ?" — ಕುಸುಮಾ.

ಬಾಗಿಲು ತೆರೆಯಿತು. ಮೇಡಂ ದನಿ. "ಈ ಸ್ಕ್ರಿಪ್ಟ್ ನಿಜವಾಗ್ಲೂ ಬರ್ದಿದ್ದು ಯಾರ್ರೀ?"

"ಶಿವರಂಜನಿ, ಮೇಡಂ! ಪೂರ್ತಿ ಅವಳೇ ಬರ್ದಿದ್ದು. ನಾನು ಮುಟ್ಟೇ ಇಲ್ಲ!"

ಇಡೀ ಫ್ಲೋರ್ ಕೇಳಿಸಿಕೊಂಡಿತು. ಕೊನೆಗೂ ಬಾಯಿಬಿಟ್ಟು ನನ್ನ ಹೆಸರು ಹೇಳಿದರು.

ಮೇಡಂ ಇತ್ತಲೇ ಬರುತ್ತಿದ್ದಾರೆ. ಸಾಹೇಬರ ಅಪ್ರೂವಲ್ ಮೇಲ್ ತೆರೆದೇ ಇಟ್ಟಿದ್ದೇನೆ. ಹೌದು ಮೇಡಂ, ಬರೆದವಳು ನಾನೇ. ಅವರನ್ನು ಆ ಗ್ರೂಪಿಗೆ ಸೇರಿಸಲು ಒಪ್ಪಿಗೆ ಕೊಟ್ಟವರು—